ಆಲಮಟ್ಟಿಯ ಅಡಿಗಲ್ಲು ಮತ್ತು ಶಾಸ್ತ್ರೀಜಿ
(ಶಾಸ್ತ್ರೀಜಿಯವರ ಪುಣ್ಯತಿಥಿಯಂದು ರೈತರ ಸಭೆಯಲ್ಲಿ ಮಾಡಿದ ಭಾಷಣ)



1966ನೆಯ ಇಸವಿ ಜನವರಿ 11ರ ನಸುಕಿನಲ್ಲಿ, ದೂರದ ತಾಷ್ಕೆಂಟ್ ನಗರದಲ್ಲಿ, ನಮ್ಮ ದೇಶದ ಪ್ರಧಾನ ಮಂತ್ರಿಗಳಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡರು. ಹಿಂದಿನ ದಿನವಷ್ಟೇ ಪಾಕಿಸ್ತಾನದೊಡನೆ ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅವರು ಆ ಪದವಿಯಲ್ಲಿ ಇದ್ದದ್ದು ಕೇವಲ 19 ತಿಂಗಳು. ಅಷ್ಟು ಸ್ವಲ್ಪ ಕಾಲ ಇದ್ದವರನ್ನು ನಾವು ಹಳ್ಳಿಯವರು ಇನ್ನೂ ಏಕೆ ನೆನೆಯುತ್ತೇವೆ ಎಂಬುದನ್ನು ಹೇಳಲೆಂದೇ ತಮ್ಮ ಮುಂದೆ ನಿಂತಿದ್ದೇನೆ.

ಅವರು ಹುಟ್ಟಿದ್ದು 1904ರ ಅಕ್ಟೋಬರ್ 2ರಂದು, ಕಾಶಿಯ ಸಮೀಪದ ಮೊಗಲ್‌ಸರಾಯಿಯಲ್ಲಿ. ಇನ್ನೂ ಮಾತು ಬಾರದ ಕೂಸಾಗಿದ್ದಾಗಲೇ ತಂದೆ ಹೋದರು. ತಾಯಿಯ ತವರಿನಲ್ಲಿ ಬೆಳೆದರು. ‘ಶಾಸ್ತ್ರಿ’ ಎಂಬುದು ಅವರ ಮನೆತನದ ಹೆಸರಲ್ಲ. ಅದು ಕಾಶಿ ವಿದ್ಯಾಪೀಠದಲ್ಲಿ ಓದಿ ಪಡೆದ ಪದವಿ. ಜಾತಿಯನ್ನು ಸೂಚಿಸುವ ಹೆಸರನ್ನು ಎಳೆಯ ವಯಸ್ಸಿನಲ್ಲೇ ಬಿಟ್ಟಿದ್ದರು. 1956ರಲ್ಲಿ ರೈಲ್ವೆ ಮಂತ್ರಿಯಾಗಿದ್ದಾಗ ತಮಿಳುನಾಡಿನ ಅರಿಯಲೂರಿನ ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ರೈಲು ಓಡಿಸಿದವರು ಅವರಲ್ಲ, ಸೇತುವೆ ಕಟ್ಟಿದವರೂ ಅವರಲ್ಲ. ಆದರೂ ಹೊಣೆ ತಮ್ಮದೆಂದು ರಾಜೀನಾಮೆ ಕೊಟ್ಟರು. ಇನ್ನೊಂದು ಮಾತು, ಸಾಲದ ಭಾರ ತಿಳಿದ ತಮಗೆ ಹೇಳತಕ್ಕದ್ದು: ಪ್ರಧಾನಿಯಾಗಿದ್ದಾಗ ಕಾರು ಕೊಳ್ಳಲು ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದ್ದರು. ಅದು ತೀರುವ ಮೊದಲೇ ತಾವು ತೀರಿದರು. ಉಳಿದದ್ದನ್ನು ಅವರ ಮಡದಿ ಲಲಿತಾದೇವಿಯವರು ತಮಗೆ ಬರುತ್ತಿದ್ದ ಪಿಂಚಣಿಯಲ್ಲಿ ಕಟ್ಟಿದರು.

ಈಗ ಅನ್ನದ ವಿಚಾರಕ್ಕೆ ಬರೋಣ. 1965 ಬಹಳ ಕೆಟ್ಟ ವರ್ಷ. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಮಳೆ ಕೈಕೊಟ್ಟಿತು. ಹಿಂದಿನ ವರ್ಷ 8.9 ಕೋಟಿ ಟನ್ನಿನಷ್ಟಿದ್ದ ಆಹಾರ ಧಾನ್ಯದ ಬೆಳೆ 7.2 ಕೋಟಿ ಟನ್ನಿಗೆ ಇಳಿಯಿತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಊಟ, ಇಲ್ಲವಾದರೆ ಇಲ್ಲ ಎಂಬ ಸ್ಥಿತಿ. ಆಗ ಶಾಸ್ತ್ರೀಜಿಯವರು ದೇಶದ ಜನರನ್ನು ಕೇಳಿದ್ದು ವಾರಕ್ಕೆ ಒಂದು ಹೊತ್ತಿನ ಊಟವನ್ನು. ಮೊದಲು ತಮ್ಮ ಮನೆಯಲ್ಲಿ ಒಂದು ಸಂಜೆ ಒಲೆ ಹಚ್ಚದೆ ಇದ್ದು ನೋಡಿದರು. ಮಕ್ಕಳು ಹಸಿವು ತಡೆಯಬಲ್ಲರೆಂದು ತಿಳಿದ ಮೇಲೆಯೇ ನಾಡಿಗೆ ಹೇಳಿದರು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳು ಬಾಗಿಲು ಹಾಕಿದವು. ಸೋಮವಾರದ ಒಪ್ಪತ್ತು ನಮ್ಮ ಹಿರಿಯರಿಗೆ ಹೊಸದಲ್ಲ. ಆದರೆ ಅದುವರೆಗೆ ಅದು ದೇವರಿಗಾಗಿ ಇತ್ತು, ಆ ವರ್ಷ ನೆರೆಯವರಿಗಾಗಿ ಆಯಿತು. ‘ಜೈ ಜವಾನ್, ಜೈ ಕಿಸಾನ್’ ಎಂಬ ಘೋಷಣೆ ಹುಟ್ಟಿದ್ದು ಆ ದಿನಗಳಲ್ಲಿಯೇ.

ಘೋಷಣೆಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರು ಮೆಕ್ಸಿಕೋ ದೇಶದ ಗಿಡ್ಡ ಗೋಧಿಯ ಬೀಜವನ್ನು ತರಿಸಬೇಕೆಂದಾಗ ಎದುರಾಡಿದವರು ಬಹಳ ಮಂದಿ. ಶಾಸ್ತ್ರೀಜಿ ಬೆನ್ನಿಗೆ ನಿಂತರು. ರೈತನಿಗೆ ನ್ಯಾಯವಾದ ಬೆಲೆ ಯಾವುದೆಂದು ಹೇಳಲು ಕೃಷಿ ಬೆಲೆ ಆಯೋಗವೂ, ಧಾನ್ಯ ಕೊಂಡು ಸಂಗ್ರಹಿಸಲು ಆಹಾರ ನಿಗಮವೂ 1965ರ ಜನವರಿಯಲ್ಲಿ ಹುಟ್ಟಿದವು. ಬೆಂಬಲ ಬೆಲೆ ಸಾಲದೆಂದು ನಾವು ಜಗಳ ಮಾಡುತ್ತೇವಲ್ಲ, ಜಗಳ ಮಾಡಲು ಒಂದು ಬಾಗಿಲಾದರೂ ಇರುವುದು ಅಂದಿನಿಂದ.

ಹಾಲು ಹಾಕುವ ತಾಯಂದಿರು ಇದನ್ನು ಕೇಳಬೇಕು. 1964ರ ಅಕ್ಟೋಬರ್ ಕೊನೆಯಲ್ಲಿ ಶಾಸ್ತ್ರೀಜಿಯವರು ಗುಜರಾತಿನ ಆಣಂದಕ್ಕೆ ಒಂದು ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಹೋದರು. ಹಿಂದಿನ ರಾತ್ರಿಯನ್ನು ಹಳ್ಳಿಯಲ್ಲಿ, ಒಬ್ಬ ಸಣ್ಣ ರೈತನ ಮನೆಯಲ್ಲಿ ಕಳೆದರು. ಕೇರಿಗಳಲ್ಲಿ ತಿರುಗಿ, ಎಷ್ಟು ಎಮ್ಮೆ, ಎಷ್ಟು ಹಾಲು, ಹಣ ಯಾವಾಗ ಕೈಗೆ ಬರುತ್ತದೆ ಎಂದು ವಿಚಾರಿಸಿದರು. ಅಲ್ಲಿಯ ಮಣ್ಣು ವಿಶೇಷವಲ್ಲ, ಎಮ್ಮೆಯೂ ವಿಶೇಷವಲ್ಲ. ಡೈರಿಗೆ ಒಡೆಯರು ರೈತರೇ, ವಿಶೇಷವೆಂದರೆ ಅಷ್ಟೇ ಎಂದು ಕಂಡುಕೊಂಡರು. ಕುರಿಯನ್ ಅವರ ಮುಂದಾಳುತನದಲ್ಲಿ 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆಣಂದದಲ್ಲಿಯೇ ಸ್ಥಾಪನೆಯಾಯಿತು. 1974ರ ನಂತರ ಅದೇ ಮಾದರಿ ನಮ್ಮ ಕರ್ನಾಟಕಕ್ಕೂ ಬಂದಿತು. ಬೆಳಿಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಲ್ಲುವಾಗ ಆ ಒಂದು ರಾತ್ರಿಯನ್ನು ನೆನೆಯಿರಿ.

ಇನ್ನು ನಮ್ಮ ಕೃಷ್ಣೆಯ ಮಾತು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟವರು ಶಾಸ್ತ್ರೀಜಿಯವರು. ಆಗ ಅವರಿನ್ನೂ ಕೇಂದ್ರದಲ್ಲಿ ಒಬ್ಬ ಮಂತ್ರಿ. ಐದು ದಿನ ಕಳೆಯುವಷ್ಟರಲ್ಲಿ ನೆಹರೂ ಅವರು ತೀರಿಕೊಂಡರು. ಜೂನ್ 9ರಂದು ದೇಶದ ಭಾರ ಇವರ ಹೆಗಲಿಗೆ ಬಂದಿತು. ಕಲ್ಲು ಇಟ್ಟವರು ಅಣೆಕಟ್ಟನ್ನು ನೋಡಲಿಲ್ಲ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಲಮಟ್ಟಿಯನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು, ಅಂದರೆ 42 ವರ್ಷದ ಮೇಲೆ. ಜಲಾಶಯಕ್ಕೆ ಶಾಸ್ತ್ರೀಜಿಯವರ ಹೆಸರನ್ನೇ ಇಟ್ಟಿದ್ದಾರೆ.

ಆ ನೀರಿನ ಕೆಳಗೆ ಏನಿದೆ ಎಂಬುದನ್ನು ಮರೆಯಬಾರದು. ಹಳೆಯ ಬಾಗಲಕೋಟೆಯ ಬೀದಿಗಳಿವೆ, ಎಷ್ಟೋ ಹಳ್ಳಿಗಳ ಎರೆಹೊಲಗಳಿವೆ, ಹನುಮಪ್ಪನ ಗುಡಿಗಳಿವೆ. ಮುಳುಗಡೆಯವರು ಊರು ಕಿತ್ತು ಹೋದರು. ಆಮೇಲೆ ನಮ್ಮ ಕಾಲುವೆಗೆ ನೀರು ಬಂದಿತು. ಸೋಮವಾರದ ಊಟ ಬಿಟ್ಟವರಿಗಿಂತ ಇವರು ಬಿಟ್ಟದ್ದು ದೊಡ್ಡದು. ಪರಿಹಾರಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ತಾವೂ ಬಲ್ಲಿರಿ.

ಅಂಥ ನೀರನ್ನು ನಾವು ಏನು ಮಾಡುತ್ತಿದ್ದೇವೆ? ಕಾಲುವೆಯ ತಲೆಯಲ್ಲಿ ಇರುವವರು ರಾತ್ರಿಯಿಡೀ ಹೊಲಕ್ಕೆ ಬಿಟ್ಟು ಮಲಗುತ್ತಾರೆ. ಕೊನೆಯ ಊರಿನವರು ಒಣ ಕಾಲುವೆಯನ್ನು ನೋಡುತ್ತ ಕೂರುತ್ತಾರೆ. ಮೇಲಿನವರ ಹೊಲಕ್ಕಾದರೂ ಒಳ್ಳೆಯದಾಯಿತೇ? ಇಲ್ಲ. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಡಿಯ ಉಪ್ಪು ಮೇಲೇರುತ್ತದೆ, ಬಿಸಿಲಿಗೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಸವಳು-ಜವಳಾದ ಭೂಮಿಯಲ್ಲಿ ಜೋಳವೂ ಏಳುವುದಿಲ್ಲ. ಹೊಲದ ತಗ್ಗಿನ ಬದಿಗೆ ಬಸಿಗಾಲುವೆ ತೆಗೆಯಿರಿ. ನೆರೆಹೊಲದವರ ಜೊತೆ ಸೇರಿ ತೆಗೆದರೆ ಖರ್ಚು ಕಡಿಮೆ, ನೀರು ಹಳ್ಳಕ್ಕೆ ಸೇರುವ ದಾರಿಯೂ ಸಿಗುತ್ತದೆ. ಮಣ್ಣು ಪರೀಕ್ಷೆಗೆ ಕೊಟ್ಟು, ಜಿಪ್ಸಂ ಬೇಕೇ ಬೇಡವೇ ಎಂದು ಕೇಳಿ ತಿಳಿಯಿರಿ. ನೀರಿನ ಸರದಿಯನ್ನು ಸಂಘದಲ್ಲಿ ಕುಳಿತು ಬರೆದಿಡಿರಿ.

ಕೊನೆಯ ಊರಿನ ನಾಲ್ವರು ಹಿರಿಯರು ಈ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಮುಂದೆ ಬರಲಿ. ಸರದಿಯ ಪುಸ್ತಕ ಮೇಜಿನ ಮೇಲಿದೆ. ಈ ಸಾರಿ ಅವರ ಹೆಸರಿನಿಂದಲೇ ಬರೆಯಲು ಆರಂಭಿಸೋಣ.