ಕತ್ತರಿಸದೆ ಚರ್ಮ ಪರೀಕ್ಷೆ: ತಿಳಿದಿರಬೇಕಾದ ಮಾತು
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಸಾರಾಂಶ)



ಚರ್ಮದ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಬೇಕು ಅಂತ ಡಾಕ್ಟರು ಹೇಳಿದರೆ ನಮ್ಮಲ್ಲಿ ಕೆಲವರು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಕತ್ತಿ ತಾಗಿದರೆ ರೋಗ ಹರಡುತ್ತದೆ ಎಂಬ ಹೆದರಿಕೆ ಬೇರೆ. ಆದ್ದರಿಂದ ಈ ಹೊತ್ತು ಕತ್ತರಿಸದೆ ಮಾದರಿ ತೆಗೆಯುವ ಹೊಸ ವಿಧಾನದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲು, ಬಿಸಿಲು ಏನು ಮಾಡುತ್ತದೆ ನೋಡೋಣ. ನಮ್ಮ ಜೀವಕೋಶದೊಳಗಿನ ಡಿ.ಎನ್.ಎ. ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಪುಸ್ತಕ ಇದ್ದ ಹಾಗೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜೀವಕೋಶವೇ ಅದನ್ನು ರಿಪೇರಿ ಮಾಡುತ್ತದೆ. ರಿಪೇರಿ ತಪ್ಪಿದರೆ 'ಸಿ' ಇರಬೇಕಾದಲ್ಲಿ 'ಟಿ' ಬಂದು ಕೂರುತ್ತದೆ. ಇದು ಬಿಸಿಲಿನ ಗುರುತು.

2015ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ನಾಲ್ವರ ಕಣ್ಣುರೆಪ್ಪೆಯ ಚರ್ಮದಲ್ಲಿ ಈ ಗುರುತುಗಳನ್ನು ಹುಡುಕಿದರು. ನೋಡಲು ಆರೋಗ್ಯವಾಗಿದ್ದ ಆ ಚರ್ಮದಲ್ಲೂ ಸುಮಾರು ಕಾಲು ಭಾಗ ಜೀವಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಬದಲಾವಣೆ ಇತ್ತು. ಆದರೆ ಅವು ಕ್ಯಾನ್ಸರ್ ಆಗಿರಲಿಲ್ಲ. ಬದಲಾವಣೆ ಕಂಡ ಮಾತ್ರಕ್ಕೆ ಗಾಬರಿ ಬೇಡ.

ಹೊಸ ವಿಧಾನ ಸರಳ. ಸಂಶಯದ ಮಚ್ಚೆಯ ಮೇಲೆ ಅಂಟುಪಟ್ಟಿ ಒತ್ತಿ ಎಳೆಯುತ್ತಾರೆ. ಹೀಗೆ ಕೆಲವು ಪಟ್ಟಿಗಳು. ಮೇಲ್ಪದರದ ಜೀವಕೋಶಗಳು ಅಂಟಿಕೊಂಡು ಬರುತ್ತವೆ. ಹೊಲಿಗೆ ಇಲ್ಲ, ಗಾಯ ಇಲ್ಲ. ಅದರಲ್ಲಿ ವಂಶವಾಹಿಗಳ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅಮೆರಿಕದಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಸಂಶಯ ಇದ್ದಾಗ ಇಂಥ ಪರೀಕ್ಷೆ ಬಳಸಿದ್ದಾರೆ.

"ಹಾಗಾದ್ರೆ ಅದು ನಮ್ಮೂರಿಗೆ ಬರೋವರೆಗೂ ಕಾಯೋಣ" ಅಂತೀರಾ? ಖಂಡಿತ ಬೇಡ. ರೋಗ ಎಷ್ಟು ಆಳಕ್ಕೆ ಇಳಿದಿದೆ ಅಂತ ಅಂಟುಪಟ್ಟಿ ಹೇಳಲಾರದು. ರಕ್ತ ಒಸರುವ ಹುಣ್ಣಿಗೆ, ಅಂಗೈ ಅಂಗಾಲಿಗೆ ಅದು ಆಗಿಬರುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮ ಬರುವುದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಅದಕ್ಕೆ ಬಿಸಿಲು ಕಾರಣವಲ್ಲ.

ಕೊನೆಯ ತೀರ್ಮಾನಕ್ಕೆ ಬಯಾಪ್ಸಿಯೇ ಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮೂರು ನಾಲ್ಕು ಮಿಲಿಮೀಟರಿನಷ್ಟು ಚರ್ಮ ತೆಗೆಯುತ್ತಾರೆ. ಒಂದೆರಡು ಹೊಲಿಗೆ, ಅಷ್ಟೇ. ಅದರಿಂದ ರೋಗ ಹರಡುವುದಿಲ್ಲ; ತಡ ಮಾಡಿದರೆ ಹರಡುತ್ತದೆ.

ಹುಟ್ಟಿನಿಂದಲೇ ಮೈ ಕೂದಲಿಗೆ ಬಣ್ಣವಿಲ್ಲದ ಮಕ್ಕಳು ನಿಮ್ಮ ಊರಲ್ಲಿದ್ದರೆ ಅವರ ಬಗ್ಗೆ ಹೆಚ್ಚು ಕಾಳಜಿ ಇರಲಿ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಇಂಥವರಿಗೆ ಬೇಗ ತಗಲುತ್ತದೆ. ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ ತಪ್ಪಬಾರದು. ಶಾಲೆಯಲ್ಲಿ ಬಿಸಿಲಿಗೆ ನಿಲ್ಲಿಸದಂತೆ ಟೀಚರಿಗೆ ಹೇಳಿ.

ನಾಲ್ಕು ವಾರವಾದರೂ ಮಾಯದ ಹುಣ್ಣು, ಆಕಾರ ಬಣ್ಣ ಬದಲಾಗುವ ಮಚ್ಚೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಂಗಾಲನ್ನೂ ಒಮ್ಮೆ ನೋಡಿಕೊಳ್ಳಿ.