ಬಾಲವನಕ್ಕೂ ಮಳೆಗಾಲ ಬರಲಿ

(ಪುತ್ತೂರಿನಲ್ಲಿ ಹೆತ್ತವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಹೆತ್ತವರೇ, ಅಜ್ಜ ಅಜ್ಜಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಇದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ,

ಮಾತನ್ನು ಒಂದು ಮರದಿಂದ ಆರಂಭಿಸೋಣ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಕ್ರಮ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಇಂದಿಗೂ ಇದೆ. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕಿದಾಗ ಚುಂಯ್ ಎನ್ನುವ ಸದ್ದಿಗೇ ಮಕ್ಕಳು ಹಿತ್ತಲಿಗೆ ಓಡುತ್ತಾರೆ. ಹಿಡಿದು ತಂದು ಕುಡಿಸುವುದು ಅಜ್ಜಿಯ ಕೆಲಸ. ಕಹಿಯ ಹಿಂದೆಯೇ ಮೆಂತ್ಯದ ಗಂಜಿ ಇದೆ ಎಂಬುದೊಂದೇ ಸಮಾಧಾನ.

ಇಷ್ಟರವರೆಗೆ ಎಲ್ಲವೂ ಚೆಂದ. ಆದರೆ ಆ ಕತ್ತಲೆಯಲ್ಲಿ ಹಾಲೆ ಮರ ಯಾವುದು ಎಂದು ಹೇಳುವವರು ಯಾರು? ಅದೇ ಗುಡ್ಡೆಯಲ್ಲಿ ಕಾಸರಕನ ಮರವೂ ಇರುತ್ತದೆ. ಅದರ ಬೀಜದಲ್ಲೂ ತೊಗಟೆಯಲ್ಲೂ ಇರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು. ನರಮಂಡಲವನ್ನು ಹಿಡಿದು ಸೆಳೆತ ತರಿಸುವಂಥವು. ಹಾಲೆ ಎಂದುಕೊಂಡು ಬೇರೆ ಮರದ ತೊಗಟೆ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಬಂದದ್ದುಂಟು. ಹಿಂದಿನವರು ಮುನ್ನಾ ದಿನ ಹಗಲಿನಲ್ಲೇ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಿದ್ದರು. ಅದನ್ನು ಬರಿಯ ಶಾಸ್ತ್ರವೆಂದು ಬಿಟ್ಟವರು ಕಷಾಯವನ್ನು ಮಾತ್ರ ಉಳಿಸಿಕೊಂಡರು.

ಗುರುತು ಹಿಡಿಯುವುದು ಕಷ್ಟವೇ? ಖಂಡಿತ ಅಲ್ಲ. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಛತ್ರಿ ಬಿಚ್ಚಿದಂತೆ ಗುಂಪಾಗಿ, ಹೆಚ್ಚಾಗಿ ಏಳೇಳು ಕೂಡಿ ನಿಲ್ಲುತ್ತವೆ. ಸಂಸ್ಕೃತದಲ್ಲಿ ಅದಕ್ಕೆ ಸಪ್ತಪರ್ಣಿ ಎಂಬ ಹೆಸರು ಬಂದದ್ದೇ ಹೀಗೆ. ಎಲೆ ಕಿತ್ತರೆ ಬಿಳಿ ಹಾಲು ಒಸರುತ್ತದೆ. ಕಾಸರಕನ ಎಲೆಗಳು ಎದುರುಬದುರು ಎರಡೆರಡಾಗಿ ಇರುತ್ತವೆ; ಬುಡದಿಂದಲೇ ಮೂರರಿಂದ ಐದು ನರಗಳು ಹೊರಟು ತುದಿಯತ್ತ ಸಾಗುತ್ತವೆ; ಹಾಲಿಲ್ಲ. ಎಂಟು ವರ್ಷದ ಮಗುವಿಗೂ ಹತ್ತು ನಿಮಿಷದಲ್ಲಿ ಕಲಿಸಬಹುದು. ಆದರೆ ಎರಡೂ ಮರಗಳ ಎಲೆ ಕೈಯಲ್ಲಿರಬೇಕು. ಪುಸ್ತಕದ ಚಿತ್ರದಲ್ಲಿ ಹಾಲು ಒಸರುವುದಿಲ್ಲ.

ಈ ಹತ್ತು ನಿಮಿಷದ ಪಾಠ ಎಲ್ಲಿ ನಡೆಯಬೇಕು ಎಂಬುದೇ ಇಂದಿನ ವಿಷಯ. ಪುತ್ತೂರಿನವರು ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಪರ್ಲಡ್ಕದ ಗುಡ್ಡೆಯಲ್ಲಿ ಬಾಲವನವಿದೆ.

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ಪುತ್ತೂರನ್ನು ತಮ್ಮ ಊರಾಗಿ ಮಾಡಿಕೊಂಡವರು. 1930ರ ದಶಕದಲ್ಲಿ ಅವರು ಇಲ್ಲಿ ನಡೆಸಿದ ಪ್ರಯೋಗಗಳು ಹಲವು. ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರ ಬೆಂಬಲದಿಂದ ದಸರೆಯ ನಾಡಹಬ್ಬ, ಮಕ್ಕಳ ಕೂಟ, ಕುಣಿತ, ನಾಟಕ, ಮುದ್ರಣಾಲಯ. ಬಾಲವನ ಆ ಹುರುಪಿನ ಹೆಸರು. ಮಗು ಬೆತ್ತದ ಹೆದರಿಕೆಯಿಂದ ಕಲಿಯಬಾರದು, ಆಡುತ್ತ ಹಾಡುತ್ತ ಸುತ್ತಲಿನದನ್ನು ನೋಡುತ್ತ ಕಲಿಯಬೇಕು ಎಂಬುದು ಅದರ ಹಿಂದಿನ ವಿಚಾರ. ಈಗ ಇದು ಹೊಸತೆಂದು ಕಾಣದಿರಬಹುದು. ಬಾಯಿಪಾಠವೇ ವಿದ್ಯೆ ಎನಿಸಿಕೊಂಡಿದ್ದ ಆ ಕಾಲದಲ್ಲಿ ಇದು ಊರಿನ ಅನೇಕರಿಗೆ ಹುಚ್ಚಾಗಿಯೇ ಕಂಡಿರಬೇಕು.

ಕನ್ನಡದ ಮಕ್ಕಳಿಗೆ ಸುತ್ತಲಿನ ಪ್ರಪಂಚವನ್ನು ತಿಳಿಸಿ ಹೇಳುವ ಪುಸ್ತಕಗಳಿಲ್ಲವೆಂದು ಕಂಡಾಗ ಕಾರಂತರು ತಾವೇ ಬರೆಯಲು ಕುಳಿತರು. 3 ಸಂಪುಟಗಳ 'ಬಾಲ ಪ್ರಪಂಚ', ಆ ಮೇಲೆ 4 ಸಂಪುಟಗಳ 'ವಿಜ್ಞಾನ ಪ್ರಪಂಚ'. ಒಬ್ಬನೇ ಮನುಷ್ಯ ವಿಶ್ವಕೋಶ ಬರೆದ ಉದಾಹರಣೆ ಕನ್ನಡದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನಕ್ಕೆ ಹೆಸರಾದರು. 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಪಟ್ಟಿ ತೊಡಿಸಿ ಅವುಗಳ ಓಡಾಟವನ್ನು ಗುರುತಿಸುವ ಕೆಲಸ ಆರಂಭಿಸಿದವರು ಅವರು. ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿನ ತಜ್ಞೆಯಾದರು. ಒಂದೇ ಅಂಗಳದಿಂದ ಕಾಡಿನ ಕಡೆಗೊಬ್ಬರು, ಮಗುವಿನ ಮನಸ್ಸಿನ ಕಡೆಗೊಬ್ಬರು. ಕಾಕತಾಳೀಯ ಎನ್ನುವವರು ಎನ್ನಲಿ.

1970ರ ದಶಕದಲ್ಲಿ ಕಾರಂತರು ಸಾಲಿಗ್ರಾಮಕ್ಕೆ ಹೋದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಬಾಲವನ ಸರಕಾರದ ಆಡಳಿತಕ್ಕೆ ಬಂದಿದೆ. ಅವರಿದ್ದ ಮನೆ, ರಂಗಮಂದಿರ, ಈಜುಕೊಳ ಅಲ್ಲಿವೆ. ಅಕ್ಟೋಬರ್ 10ಕ್ಕೆ ಜನ್ಮದಿನದ ಸಮಾರಂಭ ಮತ್ತು ಬಾಲವನ ಪ್ರಶಸ್ತಿ, ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ, ಮಧ್ಯೆ ಶಾಲೆಗಳಿಂದ ಬರುವ ಪ್ರವಾಸದ ಮಕ್ಕಳು. ಇವು ಬೇಕಾದವುಗಳೇ. ಆದರೆ ಇದನ್ನು ಒಂದು ಪಂಚಾಂಗವೆಂದು ಭಾವಿಸಿ ನೋಡಿ: ಏಪ್ರಿಲ್, ಮೇ, ಬಳಿಕ ಒಮ್ಮೆಲೇ ಅಕ್ಟೋಬರ್. ನಡುವಿನ ನಾಲ್ಕು ತಿಂಗಳು ಎಲ್ಲಿ ಹೋದವು?

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದರ ಮುಕ್ಕಾಲಿಗೂ ಮಿಕ್ಕಿದ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಈ ಮಣ್ಣು ತನ್ನ ದೊಡ್ಡ ಕಾರ್ಯಕ್ರಮವನ್ನು ನಡೆಸುವುದೇ ನಾವು ಮಕ್ಕಳನ್ನು ಒಳಗೆ ಕೂರಿಸುವ ತಿಂಗಳುಗಳಲ್ಲಿ.

ಬೇಸಿಗೆಯಲ್ಲಿ ಕಲಿಯುವುದಕ್ಕೇನೂ ಇಲ್ಲವೆಂದಲ್ಲ. ಗೇರುಹಣ್ಣು, ಕಾಟುಮಾವು, ಹಲಸು ಎಲ್ಲವೂ ಆ ಕಾಲದವೇ. ಗೇರುಬೀಜವನ್ನು ಗುಡ್ಡೆಯಲ್ಲಿ ತರಗೆಲೆಯ ಬೆಂಕಿಯಲ್ಲಿ ಸುಟ್ಟು ತಿಂದು, ಅದರ ಎಣ್ಣೆ ತಾಗಿ ತುಟಿ ಸುಟ್ಟುಕೊಂಡವರು ಈ ಸಭೆಯಲ್ಲೂ ಇರಬಹುದು. ಅದು ಯಾವ ಶಿಬಿರವೂ ಕಲಿಸದ ರಸಾಯನಶಾಸ್ತ್ರ. ದುಃಖವೆಂದರೆ ಈಗ ಊರೂರಿನಲ್ಲಿ ನಡೆಯುವ ಬೇಸಿಗೆ ಶಿಬಿರಗಳು ಹೆಚ್ಚಾಗಿ ಮಾಡಿನ ಕೆಳಗೇ ಮುಗಿಯುತ್ತವೆ. ಮುಖವಾಡ, ಕಾಗದದ ಹೂ, ಅಭಿನಯ ಗೀತೆ, ಕೊನೆಯ ದಿನ ಪ್ರಮಾಣಪತ್ರ. ಹೊರಗೆ ನಿಜವಾದ ಹೂ ಬಿದ್ದಿರುವಾಗ ಕಾಗದದ ಹೂ ಕತ್ತರಿಸುವುದು ಏಕೆ ಎಂದು ಕೇಳಿದರೆ ಸಂಘಟಕರು ಬೇಸರ ಮಾಡಿಕೊಳ್ಳಬಾರದು.

ಇನ್ನು ಮಳೆಗಾಲ. ಮೊದಲ ನಾಲ್ಕು ಮಳೆಗೆ ಗುಡ್ಡೆಯ ಮಣ್ಣಿನಲ್ಲಿ ಕಲ್ಲಣಬೆ ಏಳುತ್ತದೆ. ರಾತ್ರಿ ಮರವಿಡೀ ಮಿಂಚುಹುಳ. ಹೊಳೆಯ ಮೀನು ಗದ್ದೆಯ ನೀರಿಗೆ ಹತ್ತುವುದನ್ನು ತುಳುವಿನಲ್ಲಿ ಉಬರ್ ಎನ್ನುತ್ತಾರೆ. ಅದನ್ನು ಹಿಡಿಯುವುದು ಊರಿಗೇ ಹಬ್ಬ. ಆದರೆ ಹಾಗೆ ಹತ್ತಿ ಬರುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ, ಎಲ್ಲವನ್ನೂ ಹಿಡಿದರೆ ಬರುವ ವರ್ಷಕ್ಕೆ ಏನುಳಿಯುತ್ತದೆ ಎಂಬ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು. ಹಿತ್ತಲಲ್ಲಿ ತಜಂಕು, ಒಂದೆಲಗ, ಕೆಸು. ಮರದ ಕವಲಿನಲ್ಲಿ ಮರಕೆಸು. ಬಿದಿರಿನ ಬುಡದಲ್ಲಿ ಕಣಿಲೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಪತ್ರೊಡೆಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಅದಕ್ಕಾಗಿ. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿಟ್ಟು ದಿನವೂ ನೀರು ಬದಲಾಯಿಸುವುದು ಅದರಲ್ಲಿರುವ ಸಯನೈಡ್ ಜಾತಿಯ ವಿಷ ಹೋಗಲೆಂದು. ಇದನ್ನು ಕಂಡುಕೊಂಡ ಅಜ್ಜಿಯಂದಿರು ಪ್ರಯೋಗಾಲಯ ನೋಡಿದವರಲ್ಲ. ಅಡಕೆ ತೋಟದಲ್ಲಿ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಬೋರ್ಡೊ ದ್ರಾವಣ ಸಿದ್ಧವಾಗುತ್ತದೆ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಮದ್ದನ್ನು ಕಳೆದ ಶತಮಾನದ ಆರಂಭದಲ್ಲಿ ಅಡಕೆಗೆ ಹೊಂದಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮದ್ದು ಬಿಡುವ ಕಾರ್ಮಿಕ ಮರದಿಂದ ಮರಕ್ಕೆ ದಾಟುವುದನ್ನು ಬಾಯಿ ಬಿಟ್ಟು ನೋಡಿದ ಮಗುವಿಗೆ ಆ ಕತೆಯನ್ನೂ ಹೇಳಬಹುದಲ್ಲ?

ಇದಕ್ಕೆ ನಿಮ್ಮಿಂದ ಬರುವ ಮೊದಲ ಆಕ್ಷೇಪ ಗೊತ್ತೇ ಇದೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳೇ ಶಾಲೆಗೆ ರಜೆ ಕೊಡುತ್ತಾರೆ, ಅಂಥ ದಿನ ಮಕ್ಕಳನ್ನು ಹೊರಗೆ ಕರೆಯುವುದೇ ಎಂದು. ಆಕ್ಷೇಪ ಸರಿ. ತುಂಬಿದ ತೋಡು, ಜಾರುವ ಕಾಲುಸಂಕ, ಸಿಡಿಲು, ಜರಿಯುವ ಗುಡ್ಡೆ ಇವು ತಮಾಷೆಯ ವಿಷಯಗಳಲ್ಲ. ಯುರೋಪಿನ ಜರ್ಮನಿ, ಡೆನ್ಮಾರ್ಕ್ ಮೊದಲಾದೆಡೆ ಕಾಡಿನ ಶಿಶುವಿಹಾರಗಳಿವೆ. ಮಳೆಯಂಗಿ ತೊಟ್ಟ ಪುಟ್ಟ ಮಕ್ಕಳು ಮಳೆಯಲ್ಲೂ ಹಿಮದಲ್ಲೂ ಮರಗಳ ನಡುವೆಯೇ ದಿನ ಕಳೆಯುತ್ತಾರೆ. ಅಲ್ಲಿಯ ಮಳೆ ಬೇರೆ, ಆಟಿಯ ಮಳೆ ಬೇರೆ. ಅದನ್ನು ಇದ್ದಂತೆ ಇಲ್ಲಿಗೆ ತರಲಾಗದು. ಆದರೆ ನಾಲ್ಕು ತಿಂಗಳಲ್ಲಿ ಎಲ್ಲ ದಿನವೂ ಕೆಂಪು ಎಚ್ಚರಿಕೆಯ ದಿನವಲ್ಲ. ಹೊಳಪು ಬೀಳುವ ದಿನಗಳೂ ಇವೆ. ಹಿಂದಿನವರು ಗೊರಬು ಹೊದ್ದು ನೇಜಿ ನೆಟ್ಟದ್ದು ಇದೇ ಮಳೆಯಲ್ಲಿ. ಬಾಲವನದಂಥ ಎತ್ತರದ, ಬೇಲಿ ಇರುವ, ಪಕ್ಕದಲ್ಲೇ ಮಾಡಿನ ಆಸರೆ ಇರುವ ಜಾಗ ಇರುವಾಗ ಹೊಳೆ ಬದಿಗೆ ಹೋಗಬೇಕಾದ ಅಗತ್ಯವೂ ಇಲ್ಲ.

ಎರಡನೆಯ ಆಕ್ಷೇಪ, ಆಟಿಯ ಕಾರ್ಯಕ್ರಮಗಳು ಈಗಾಗಲೇ ಬೇಕಾದಷ್ಟು ಇವೆಯಲ್ಲ ಎಂಬುದು. ಹೌದು, 'ಆಟಿಡೊಂಜಿ ದಿನ', 'ಕೆಸರ್‌ಡೊಂಜಿ ದಿನ' ಎಂದು ಸಂಘಗಳು ಕುಟುಂಬ ಸಮೇತ ಸೇರುತ್ತವೆ. ಸಭಾಭವನದ ಮೇಜಿನ ಮೇಲೆ ಮೂವತ್ತು ಬಗೆಯ ತಿಂಡಿಗಳಿರುತ್ತವೆ. ತಜಂಕಿನ ವಡೆ ತಿಂದ ಮಗುವಿಗೆ ತಜಂಕಿನ ಗಿಡ ತೋರಿಸಿದವರು ಎಷ್ಟು ಜನ? ಇನ್ನೊಂದು ಮಾತನ್ನೂ ಮರೆಯಬಾರದು. ಆಟಿ ಹಸಿವಿನ ತಿಂಗಳಾಗಿತ್ತು. ಕಣಜ ಖಾಲಿ, ಕೂಲಿ ಇಲ್ಲ, ಜ್ವರದ ಕಾಟ. ಹಲಸಿನ ಉಪ್ಪು ಸೊಳೆ, ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜ ಜೀವ ಹಿಡಿದಿಡುವ ಆಹಾರವಾಗಿದ್ದವು. ಮಾರಿಯನ್ನು ಓಡಿಸಲು ಆಟಿ ಕಳಂಜನ ವೇಷ ತೊಟ್ಟು ಮನೆಮನೆಗೆ ಬರುತ್ತಿದ್ದ ನಲಿಕೆಯವರು ಪಡೆಯುತ್ತಿದ್ದದ್ದು ಒಂದಿಷ್ಟು ಅಕ್ಕಿ, ತೆಂಗಿನಕಾಯಿ. ಆ ಹಸಿವಿನ ಕತೆಯನ್ನು ಬಿಟ್ಟು ತಿಂಡಿಯನ್ನು ಮಾತ್ರ ಬಡಿಸಿದರೆ ಮಕ್ಕಳು ಆಟಿಯನ್ನು ಔತಣವೆಂದೇ ತಿಳಿದಾರು. ಕಲಿಸುವವರನ್ನು ಹುಡುಕುವಾಗ ಕಾಡಿನ ಸೊಪ್ಪು, ಬೇರು, ಗೆಡ್ಡೆ ಬಲ್ಲ ಅಂಥ ಮನೆಗಳ ಹಿರಿಯರನ್ನು ಮೊದಲು ಕರೆಯಬೇಕು. ವೇದಿಕೆಯ ಕುರ್ಚಿ ಬೇಡ, ಒಂದು ದಿನದ ಗೌರವಧನ ಕೊಡಿ.

ಸುಳ್ಯ, ಕಡಬದವರು ಬಾಲವನ ದೂರವಾಯಿತೆಂದು ಕೈಬಿಡಬೇಕಾಗಿಲ್ಲ. ಸುಬ್ರಹ್ಮಣ್ಯದ ಕಡೆಯ ಮಗುವನ್ನು ಮಳೆಯಲ್ಲಿ ಬಸ್ಸು ಹತ್ತಿಸಿ ಪುತ್ತೂರಿಗೆ ತರುವುದು ಬುದ್ಧಿವಂತಿಕೆಯೂ ಅಲ್ಲ. ಕಾರಂತರ 'ಬೆಟ್ಟದ ಜೀವ' ಹುಟ್ಟಿದ್ದು ಆ ಕಡೆಯ ಮಲೆಯಲ್ಲೇ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಕಡಬದ ಕಿದುವಿನಲ್ಲಿ 1972ರಿಂದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವಿದೆ. ಬೇರೆ ಬೇರೆ ದೇಶಗಳ ತೆಂಗಿನ ತಳಿಗಳನ್ನು ಅಲ್ಲಿ ನೆಟ್ಟು ಕಾಪಾಡಲಾಗಿದೆ. ಸುಳ್ಯದ ತೊಡಿಕಾನದಲ್ಲಿ ದೇವರ ಮೀನುಗಳಿವೆ. ಮಕ್ಕಳ ಕೈ ಹಿಡಿದು ಹೋಗಿ ಹೊದಳು ಹಾಕಿ ಬರುವ ಆ ಹಳೆಯ ಪದ್ಧತಿಗೆ ಪ್ರಕೃತಿ ಶಿಕ್ಷಣವೆಂಬ ಹೆಸರಿರಲಿಲ್ಲ, ಅಷ್ಟೆ. ಅದರಿಂದ ಆ ಮೀನು ಮಾತ್ರ ಉಳಿಯಿತು. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ರೈತರ ಅನುಭವವನ್ನು ರೈತರ ಕೈಯಿಂದಲೇ ಬರೆಸಿತು. ಆ ಬಗೆಯಲ್ಲಿ ಹೆತ್ತವರ ಅನುಭವವನ್ನೂ ಒಂದೆಡೆ ಸೇರಿಸುವುದು ಅಸಾಧ್ಯವೇನಲ್ಲ.

ಹಣ ಎಷ್ಟು ಬೇಕು ಎಂದು ಯಾರೋ ಕೇಳುತ್ತಿದ್ದಾರೆ. ಆರಂಭಕ್ಕೆ ಏನೂ ಬೇಡ. ಆಟಿ ಅಮಾವಾಸ್ಯೆಗೆ ಮೊದಲಿನ ಒಂದು ಭಾನುವಾರ, ಮಳೆ ಹೊಳಪಾದರೆ ಬೆಳಗ್ಗೆ ಹತ್ತಕ್ಕೆ, ಅನುಮತಿ ಪಡೆದು ಬಾಲವನದಲ್ಲಿ ಸೇರಿ. ಪ್ರತಿ ಕುಟುಂಬವೂ ಹಾಲೆ ಎಂದು ತಾನು ನಂಬಿರುವ ಮರದ ಒಂದು ಕೊನೆಯನ್ನು ಎಲೆ ಸಮೇತ ತರಲಿ. ಗಿಡಮರ ಬಲ್ಲ ಒಬ್ಬ ಸಸ್ಯಶಾಸ್ತ್ರದ ಅಧ್ಯಾಪಕರು, ಒಬ್ಬ ಅಜ್ಜಿ ಇದ್ದರೆ ಸಾಕು. ಎಲೆಗಳನ್ನು ಎಣಿಸುವುದು ಮಕ್ಕಳ ಕೆಲಸ. ತಪ್ಪು ಕೊನೆ ತಂದವರನ್ನು ನೋಡಿ ನಗಬಾರದು. ಅಂಥವರು ಆ ದಿನ ಅಲ್ಲಿಗೆ ಬಂದದ್ದೇ ದೊಡ್ಡ ಲಾಭ. ಕಾಸರಕನ ಕೊನೆಯನ್ನೂ ಒಂದು ಕಂಬಕ್ಕೆ ಕಟ್ಟಿ, ಎಲ್ಲರೂ ನೋಡಿ, ಕೈ ತೊಳೆದುಕೊಂಡು ಬರಲಿ. ಆಮೇಲೆ ಮೆಂತ್ಯದ ಗಂಜಿ ಅಲ್ಲೇ ಬೇಯಲಿ. ಅದಕ್ಕೆ ಬೇಕಾದ ಬೆಲ್ಲ, ತೆಂಗಿನಕಾಯಿಯ ಹೊಣೆಯನ್ನು ಈ ಸಭೆ ಮುಗಿಯುವ ಮೊದಲು ಯಾರಾದರೂ ಕೈಯೆತ್ತಿ ಒಪ್ಪಿಕೊಂಡರೆ ದಿನ ಗೊತ್ತು ಮಾಡಬಹುದು.