ದೂರದ ದನಿಗೂ ಸಭೆಯಲ್ಲಿ ಸ್ಥಾನವಿರಲಿ
(ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರನ್ನು ಉದ್ದೇಶಿಸಿದ ಉಪನ್ಯಾಸದ ಬರಹರೂಪ)



ಆಷಾಢದ ಮಳೆ ಹಿಡಿದರೆ ಮಲೆನಾಡಿನಲ್ಲಿ ಹತ್ತು ಜನ ಒಂದೆಡೆ ಸೇರುವುದು ಸುಲಭವಲ್ಲ. ಹಳ್ಳ ಉಕ್ಕುತ್ತದೆ, ಮರ ಬಿದ್ದು ದಾರಿ ಮುಚ್ಚುತ್ತದೆ, ವಿದ್ಯುತ್ತು ದಿನಗಟ್ಟಲೆ ಇರುವುದಿಲ್ಲ. ಆದರೂ ರೈತರ ಕಂಪನಿಯ ಆಡಳಿತ ಮಂಡಳಿಯು ಮಳೆಗಾಲವೆಂದು ಸುಮ್ಮನೆ ಕೂರುವಂತಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ನಡೆಯಬೇಕು, ವರ್ಷಕ್ಕೆ ನಾಲ್ಕು ಸಭೆಗಳಾದರೂ ಆಗಬೇಕು ಎಂಬುದು ಶಾಸನ. ನಿರ್ದೇಶಕರಲ್ಲಿ ಮೂರನೆಯ ಒಂದು ಭಾಗ, ಕನಿಷ್ಠ ಮೂವರು, ಹಾಜರಿದ್ದರೆ ಮಾತ್ರ ಕೋರಂ.

ಕಂಪನಿ ಕಾಯ್ದೆ 2013ರ 173ನೆಯ ಸೆಕ್ಷನ್ ಇದಕ್ಕೊಂದು ದಾರಿ ತೋರಿದೆ. ಕೆಲವರು ಸಭಾಸ್ಥಳದಲ್ಲಿ, ಕೆಲವರು ತಮ್ಮ ಮನೆಯಿಂದ ವಿಡಿಯೋ ಮೂಲಕ ಭಾಗವಹಿಸಬಹುದು. ಲೆಕ್ಕಪತ್ರದ ಅಂಗೀಕಾರದಂಥ ವಿಷಯಗಳಿಗೆ ಇದ್ದ ನಿರ್ಬಂಧವೂ 2021ರ ಜೂನ್‌ನಲ್ಲಿ ತೆಗೆಯಲ್ಪಟ್ಟಿತು. ಆದರೆ ಒಬ್ಬರ ಮೊಬೈಲನ್ನು ಮೇಜಿನ ಮೇಲಿಟ್ಟು ಇನ್ನೊಬ್ಬರ ಮಾತು ಕೇಳಿಸಿಕೊಂಡರೆ ಅದು ಹಾಜರಾತಿಯಾಗದು. ನಡುವೆ ಮಧ್ಯವರ್ತಿಯಿಲ್ಲದೆ ಎಲ್ಲರೂ ಏಕಕಾಲದಲ್ಲಿ ಪರಸ್ಪರ ಮಾತಾಡುವ ದೃಶ್ಯ-ಶ್ರವ್ಯ ಸಂಪರ್ಕವೇ ಬೇಕು.

ಇಲ್ಲಿ ಮರೆಯುವ ಮಾತೊಂದಿದೆ. ಸಂಪರ್ಕ ಕಡಿದುಹೋಗುವುದು ಸಾಮಾನ್ಯವಾಗಿ ರಸ್ತೆಯೂ ಇಲ್ಲದ, ಟವರೂ ಇಲ್ಲದ ಮೂಲೆಯ ಸದಸ್ಯರದ್ದೇ. ಕೊಳೆರೋಗದಿಂದ ಮೊದಲು ನಲುಗುವ ತೋಟವೂ ಹಲವೊಮ್ಮೆ ಅವರದೇ. ಸಭಾಂಗಣದಲ್ಲಿದ್ದವರು ತಮ್ಮೊಳಗೆ ಮಾತಾಡಿ ಮೆಣಸಿನ ದರವನ್ನೋ ಸಾಲದ ನಿರ್ಣಯವನ್ನೋ ಮುಗಿಸಿಬಿಟ್ಟರೆ, ಪರದೆಯ ಮೇಲಿನ ಮುಖ ಬರಿಯ ಸಾಕ್ಷಿಯಾಗುತ್ತದೆ. ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಆಗ ಅನ್ಯಾಯವೇ ಸರಿ.

2014ರ ನಿಯಮಗಳು ಇದನ್ನು ಮೊದಲೇ ಊಹಿಸಿದಂತಿವೆ. ಆರಂಭದಲ್ಲಿ ಅಧ್ಯಕ್ಷರು ಹೆಸರು ಕೂಗಬೇಕು. ದೂರದಿಂದ ಸೇರಿದವರು ತಾವು ಎಲ್ಲಿದ್ದೇವೆ, ಕಾರ್ಯಸೂಚಿ ತಲುಪಿದೆಯೆ ಎಂಬುದನ್ನು ತಿಳಿಸಬೇಕು. ಯಾರದಾದರೂ ಮಾತು ಕತ್ತರಿಸಿದರೆ ಅಥವಾ ಅಸ್ಪಷ್ಟವಾದರೆ ಮತ್ತೆ ಹೇಳುವಂತೆ ಕೋರಬೇಕು. ಪ್ರತಿ ವಿಷಯದ ಕೊನೆಗೆ ತೀರ್ಮಾನದ ಸಾರವನ್ನೂ, ಭಿನ್ನಮತವಿದ್ದರೆ ಅವರ ಹೆಸರನ್ನೂ ಸಾರಬೇಕು. ಕೋರಂ ಸಭೆಯುದ್ದಕ್ಕೂ ಉಳಿಯಬೇಕು. ಹನ್ನೆರಡು ನಿರ್ದೇಶಕರ ಮಂಡಳಿಯಲ್ಲಿ ನಾಲ್ವರಷ್ಟೇ ಸೇರಿದ್ದು, ಅವರಲ್ಲೊಬ್ಬರ ಸಂಪರ್ಕ ತಪ್ಪಿದರೆ ಕಲಾಪ ಅಲ್ಲಿಗೇ ನಿಲ್ಲಬೇಕು. ನಡಾವಳಿಯ ಕರಡು ಹದಿನೈದು ದಿನಗಳೊಳಗೆ ಎಲ್ಲರ ಕೈಸೇರಬೇಕು.

ಇವಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಮುಂಗಾರಿಗೆ ಮೊದಲೇ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ರೈತನಿಗೆ ಪೂರ್ವಸಿದ್ಧತೆಯ ಬೆಲೆ ಗೊತ್ತು. ಏಳು ದಿನ ಮೊದಲೇ ಸೂಚನಾಪತ್ರ ಹೊರಡಲಿ, ಕಾಗದಗಳೂ ಅದರೊಂದಿಗೇ ಹೋಗಲಿ. ಸಂಪರ್ಕವನ್ನು ಹಿಂದಿನ ದಿನವೇ ಪರೀಕ್ಷಿಸಿ, ಬ್ಯಾಟರಿ ತುಂಬಿಸಿಡಲಿ. ಪ್ರತಿ ವಿಷಯದಲ್ಲೂ ದೂರದವರ ಅಭಿಪ್ರಾಯವನ್ನು ಮೊದಲು ಕೇಳಿ, ಎದುರಿಗಿದ್ದವರು ಆಮೇಲೆ ಮಾತಾಡಲಿ.

ಕಾಡಿನಂಚಿನ ಒಂಟಿಮನೆಯ ಸದಸ್ಯನೂ ಷೇರು ಹಣ ಕೊಟ್ಟವನೇ. ಅವನ ಮಾತು ಮಳೆಯ ಸದ್ದಿನಲ್ಲಿ ಮುಳುಗದಂತೆ ನೋಡಿಕೊಳ್ಳುವ ಮಂಡಳಿಯೇ ರೈತರದೆನ್ನಿಸಿಕೊಳ್ಳಲು ಅರ್ಹ.